ಐವರು ಹೆಂಗಸರಿಗೆ, ಮತ್ತೆ ನಮ್ಮ ಬ್ಲಾಕಿನವರಿಗೆ

ರಾಜ್ಯೋತ್ಸವದ ಕಾರ್ಯಕ್ರಮ ಮುಗಿದು ವಾರ ಕಳೆದರೂ ಲಿಫ್ಟಿನಲ್ಲಿ ಸಿಕ್ಕವರು ಇನ್ನೂ "ಚೆನ್ನಾಗಿತ್ತು ರೀ" ಅನ್ನುತ್ತಿದ್ದಾರೆ. ನಲವತ್ತು ದಾಟಿದ ನಾಲ್ವರು ಹೆಂಗಸರು ಗಿಟಾರ್, ಬಾಸ್ ಅನ್ನೋ ದಪ್ಪ ದನಿಯ ಗಿಟಾರ್, ಡ್ರಮ್ಸ್ ಇಟ್ಟುಕೊಂಡು ಅಪಾರ್ಟ್‌ಮೆಂಟಿನ ವೇದಿಕೆ ಹತ್ತಿದೆವು. ಮೂರು ಹಾಡು ನುಡಿಸಿ ಮಾನ ಉಳಿಸಿಕೊಂಡು ಕೆಳಗಿಳಿದೆವು. ಎಲ್ಲರಿಗೂ ಒಂದು ಥ್ಯಾಂಕ್ಸ್ ಹೇಳಲೇಬೇಕು ಅಂತ ಕೂತಿದ್ದೇನೆ.

ಮೊದಲ ಥ್ಯಾಂಕ್ಸ್ ಮಾತ್ರ ಇದನ್ನು ಎಂದೂ ಓದದ ಐವರಿಗೆ. ಬೆಲಿಂಡಾ ಕಾರ್ಲೈಲ್, ಷಾರ್ಲೆಟ್ ಕ್ಯಾಫಿ, ಜೇನ್ ವೀಡ್ಲಿನ್, ಕ್ಯಾಥಿ ವ್ಯಾಲೆಂಟೈನ್, ಜೀನಾ ಶಾಕ್. ಲಾಸ್ ಏಂಜಲೀಸಿನ ದಿ ಗೋ-ಗೋಸ್ ಬ್ಯಾಂಡಿನವರು. ಅವರ ಮೊದಲ ಆಲ್ಬಮ್ 1981ರ ಜುಲೈನಲ್ಲಿ ಬಂತು. ಮರುವರ್ಷ ಮಾರ್ಚಿನಲ್ಲಿ ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಗಿ ಆರು ವಾರ ಅಲ್ಲೇ ಕೂತಿತು. ತಮ್ಮ ಹಾಡು ತಾವೇ ಬರೆದು, ತಮ್ಮ ವಾದ್ಯ ತಾವೇ ನುಡಿಸಿ ಅಲ್ಲಿಗೆ ಹೋದ ಮೊದಲ ಹೆಂಗಸರ ಬ್ಯಾಂಡ್ ಅದು.

ನನಗೆ ಅವರು ಹತ್ತಿರವಾಗಿದ್ದು ಆ ಆರು ವಾರಕ್ಕಲ್ಲ, ಅದಕ್ಕೂ ಮುಂಚಿನ ಪರದಾಟಕ್ಕೆ. 2020ರಲ್ಲಿ ಅವರ ಮೇಲೊಂದು ಸಾಕ್ಷ್ಯಚಿತ್ರ ಬಂತು. ಲಾಕ್‌ಡೌನ್ ಹೊತ್ತಲ್ಲಿ ಯಜಮಾನರು ಸುಮ್ನೆ ಹಾಕಿದ್ದರು. ಕೈಯಲ್ಲಿದ್ದ ಬಟ್ಟೆ ಮಡಚುವುದು ಬಿಟ್ಟು ನಾನು ಕೂತು ನೋಡಿದೆ. 1978ರಲ್ಲಿ ಬೆಲಿಂಡಾ, ಜೇನ್ ಮತ್ತೆ ಅವರ ಗೆಳತಿಯರು ಬ್ಯಾಂಡ್ ಶುರು ಮಾಡಿದಾಗ ನೆಟ್ಟಗೆ ನುಡಿಸಲು ಬರುತ್ತಿರಲಿಲ್ಲ. ಹಾಲಿವುಡ್‌ನಲ್ಲಿ ಮಾಸ್ಕ್ ಅಂತ ಒಂದು ಪಂಕ್ (ಒರಟಾಗಿ, ಜೋರಾಗಿ ಓಡುವ ರಾಕ್ ಸಂಗೀತ) ಕ್ಲಬ್ ಇತ್ತು, ನೆಲಮಾಳಿಗೆಯಲ್ಲಿ. ಅಲ್ಲೇ ಅವರ ಮೊದಲ ಪ್ರೋಗ್ರಾಂ. ಬರುತ್ತಿದ್ದದ್ದು ಎರಡು ಮೂರು ಹಾಡು, ಅಷ್ಟನ್ನೇ ನುಡಿಸಿದರು.

ನಮ್ಮ ಮನೆಗಳಲ್ಲಿ ಹೀಗೆ ಆಗುತ್ತಾ? ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ವರ್ಣ, ಆಮೇಲೆ ಮೇಷ್ಟ್ರು ಒಪ್ಪಿದರೆ ಗಣಪತಿ ಪೆಂಡಾಲಿನಲ್ಲಿ ಒಂದು ಕೀರ್ತನೆ. ಆ ಶಿಸ್ತಿನ ಬಗ್ಗೆ ನನಗೆ ಗೌರವ ಇದೆ, ನಾನೂ ಅದರಲ್ಲೇ ಬೆಳೆದವಳು. ಆದರೆ ಮಧ್ಯದಲ್ಲಿ ಬಿಟ್ಟವರಿಗೆ ವಾಪಸ್ ಬರೋ ದಾರಿಯೇ ಇರುವುದಿಲ್ಲ. ಮದುವೆ ಆಯಿತು, ಮಕ್ಕಳಾದರು, ಕೆಲಸ ಜಾಸ್ತಿಯಾಯಿತು, ಸಂಗೀತ ಅಟ್ಟ ಸೇರಿತು. ಅರೆಬರೆ ಬರುವವರೂ ನಾಲ್ಕು ಜನರ ಮುಂದೆ ನಿಲ್ಲಬಹುದು, ನಿಂತುಕೊಂಡೇ ಕಲಿಯಬಹುದು ಅಂತ ನನಗೆ ತೋರಿಸಿದವರು ಈ ಗೋ-ಗೋಸ್.

ಷಾರ್ಲೆಟ್ ಕ್ಯಾಫಿಯ ಕತೆ ಕೇಳಿ. ಪಿಯಾನೊ ಕಲಿತವಳು, ಬೇರೆ ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಿದ್ದವಳು. ಲೀಡ್ ಗಿಟಾರ್ ಬರುತ್ತಾ ಅಂತ ಇವರು ಕೇಳಿದಾಗ ಧೈರ್ಯವಾಗಿ ಹೂಂ ಅಂದುಬಿಟ್ಟಳು. ಕಲಿತದ್ದು ಆಮೇಲೆ. ಅವಳೇ ಮುಂದೆ 'ವಿ ಗಾಟ್ ದ ಬೀಟ್' ಬರೆದಳು, ಅದೂ ಟೀವಿ ನೋಡುತ್ತಾ ಕೂತಿದ್ದಾಗ ಕೆಲವೇ ನಿಮಿಷಗಳಲ್ಲಿ ಹೊಳೆದ ಹಾಡು.

ಕ್ಯಾಥಿ ವ್ಯಾಲೆಂಟೈನ್ ನನ್ನ ದೇವತೆ. ನಾನು ನುಡಿಸುವುದೂ ಬಾಸ್ ತಾನೆ, ಪಕ್ಷಪಾತ ಇದ್ದೇ ಇರುತ್ತದೆ. ಟೆಕ್ಸಸ್‌ನ ಆಸ್ಟಿನ್ ಕಡೆಯವಳು, ಗಿಟಾರ್ ವಾದಕಿ. 1980ರ ಕೊನೆಯಲ್ಲಿ ವಿಸ್ಕಿ ಎ ಗೋ ಗೋ ಕ್ಲಬ್ಬಿನ ಪ್ರೋಗ್ರಾಂಗಳಿಗೆ ಗೋ-ಗೋಸ್‌ಗೆ ತುರ್ತಾಗಿ ಬಾಸ್ ನುಡಿಸುವವರು ಬೇಕಾಗಿತ್ತು. ಕ್ಯಾಥಿ ಅಲ್ಲಿಯ ತನಕ ಬಾಸ್ ನುಡಿಸಿದವಳೇ ಅಲ್ಲ. ಕ್ಯಾಸೆಟ್ ಹಾಕಿಕೊಂಡು ಕೆಲವೇ ದಿನಗಳಲ್ಲಿ ಅಷ್ಟೂ ಹಾಡು ಕಲಿತು ವೇದಿಕೆಗೆ ಬಂದಳು. ಬಾಸ್ ಹಿಡಿದವರಿಗೆ ಗೊತ್ತು ಇದೆಂಥ ಕೆಲಸ ಅಂತ. ತಂತಿ ದಪ್ಪ, ಬೆರಳಿಡುವ ಮನೆಗಳ ನಡುವೆ ಅಂತರ ಜಾಸ್ತಿ, ಕಿರುಬೆರಳು ಎಟುಕುವುದೇ ಇಲ್ಲ. ನನ್ನ ತೋರುಬೆರಳಿನ ತುದಿಯಲ್ಲಿ ಗುಳ್ಳೆ ಎದ್ದು, ಒಡೆದು, ಚರ್ಮ ಗಟ್ಟಿಯಾಗುವ ತನಕ ಚಪಾತಿ ಹಿಟ್ಟು ಕಲಸುವಾಗಲೂ ಉರಿ. ಆಗೆಲ್ಲ ಕ್ಯಾಥಿಯನ್ನು ನೆನೆದು ಅರಿಶಿನ ಹಚ್ಚಿಕೊಳ್ಳುತ್ತಿದ್ದೆ.

ಜೀನಾ ಶಾಕ್ ಬಾಲ್ಟಿಮೋರ್‌ನಿಂದ ಪಿಕಪ್ ಟ್ರಕ್ಕಿನಲ್ಲಿ ಡ್ರಮ್ಸ್ ಹೇರಿಕೊಂಡು ಇಡೀ ಅಮೆರಿಕ ದಾಟಿ ಬಂದವಳು. 1979ರಲ್ಲಿ ಸೇರಿದ ಮೇಲೆ ಎಲ್ಲರನ್ನೂ ಪ್ರಾಕ್ಟೀಸಿಗೆ ಕೂರಿಸಿದಳು. ನನ್ನನ್ನು ಕೇಳಿದರೆ ಈ ಬ್ಯಾಂಡಿನ ಬೆನ್ನೆಲುಬು ಅವಳೇ. ಜನ ಬೆಲಿಂಡಾಳ ದನಿ ಅನ್ನುತ್ತಾರೆ, ದನಿ ಚೆನ್ನಾಗಿಯೇ ಇದೆ, ಆದರೆ 'ವಿ ಗಾಟ್ ದ ಬೀಟ್' ಶುರುವಾಗುವುದೇ ಬರೀ ಡ್ರಮ್ಸಿನಿಂದ. ಆ ಶುರುವಾತು ಕೇಳಿ ಕಾಲು ಕುಣಿಸದೆ ಕೂರುವವರನ್ನು ನಾನಂತೂ ನೋಡಿಲ್ಲ.

ನಮ್ಮ ಡ್ರಮ್ಮರ್ ಬ್ಯಾಂಕ್ ಉದ್ಯೋಗಿ. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವರು. ಯೂಟ್ಯೂಬ್ ನೋಡಿ ಜೀನಾಳ ಕೈ ಹಿಡಿಯಲು ಹೋಗಿ ಸೋತು, ಕೊನೆಗೆ ಒಂದು ಸಂಜೆ ಕೋಲುಗಳನ್ನು ಕೆಳಗಿಟ್ಟು ತೊಡೆ ತಟ್ಟುತ್ತಾ ಬಾಯಲ್ಲಿ ಹೇಳತೊಡಗಿದರು. ತಕ ಧಿಮಿ, ತಕ ಧಿಮಿ, ಎಲ್ಲಿ ಒತ್ತು, ಎಲ್ಲಿ ಬಿಡುವು. ಬಾಯಿಗೆ ಬಂದದ್ದು ಕೈಗೆ ಬರಲು ಆಮೇಲೆ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಅವರ ನಾಟ್ಯದ ಟೀಚರಿಗೂ ಒಂದು ನಮಸ್ಕಾರ ಇಲ್ಲೇ ಸೇರಿಸುತ್ತೇನೆ.

ಗೋ-ಗೋಸ್ ಪಟ್ಟ ಪಾಡಿನ ಮುಂದೆ ನಮ್ಮದೇನೂ ಅಲ್ಲ. 1980ರಲ್ಲಿ ಮ್ಯಾಡ್‌ನೆಸ್, ದಿ ಸ್ಪೆಷಲ್ಸ್ ಬ್ಯಾಂಡುಗಳ ಜೊತೆ ಇಂಗ್ಲೆಂಡ್ ಸುತ್ತಿದರು. ಅದಕ್ಕೆ ದುಡ್ಡು ಹೊಂದಿಸಲು ಅವರ ಮ್ಯಾನೇಜರ್ ಜಿಂಜರ್ ಕ್ಯಾನ್ಜೊನೆರಿ ತನ್ನ ಒಡವೆ ಅಡ ಇಟ್ಟಿದ್ದಳು. ಅಲ್ಲಿ ತಲೆ ಬೋಳಿಸಿಕೊಂಡ ಪುಂಡರು ವೇದಿಕೆಯತ್ತ ಉಗಿಯುತ್ತಿದ್ದರು. ಇವರು ಉಗುಳು ಒರೆಸಿಕೊಂಡು ನುಡಿಸಿದರು. ವಾಪಸ್ ಬರುವ ಹೊತ್ತಿಗೆ ಕೈ ಪಳಗಿತ್ತು. ಇಷ್ಟಾದರೂ ದೊಡ್ಡ ಕಂಪನಿಗಳು ಒಪ್ಪಲಿಲ್ಲ, ಹೆಂಗಸರ ಬ್ಯಾಂಡ್ ಮಾರಾಟವಾಗುವುದಿಲ್ಲ ಅನ್ನೋ ಹಳೇ ರಾಗ. ಕೊನೆಗೆ ಐ.ಆರ್.ಎಸ್. ಅನ್ನೋ ಸಣ್ಣ ಕಂಪನಿ 1981ರಲ್ಲಿ ಕೈ ಹಿಡಿಯಿತು. ಆಮೇಲೆ ಅದೇ ಕಂಪನಿಯ ಮಾಲೀಕ ನೋಡಿಕೊಳ್ಳುತ್ತಿದ್ದ ದಿ ಪೊಲೀಸ್ ಬ್ಯಾಂಡಿನ ಟೂರಿನಲ್ಲಿ ಇವರು ಮೊದಲು ನುಡಿಸುವವರಾದರು. ಟೂರ್ ನಡೆಯುತ್ತಿರುವಾಗಲೇ ಇವರ ಆಲ್ಬಮ್ ಅವರದನ್ನು ದಾಟಿ ಮೇಲೆ ಹೋಯಿತು. ದಿ ಪೊಲೀಸ್‌ನ ಗಾಯಕ ಸ್ಟಿಂಗ್ ಶಾಂಪೇನ್ ಹಿಡಿದುಕೊಂಡು ಇವರ ಕೋಣೆಗೆ ಬಂದು ಅಭಿನಂದಿಸಿದನಂತೆ. ದೊಡ್ಡ ಮನಸ್ಸು ಬಿಡಿ.

ಆ ಆಲ್ಬಮ್ಮಿನ ಬಗ್ಗೆ ನನಗೆ ತುಂಬಾ ಇಷ್ಟವಾದ ಸಂಗತಿ ಅದರ ಮುಖಪುಟ. ಐವರೂ ಬಿಳಿ ಟವೆಲ್ ಸುತ್ತಿಕೊಂಡು, ಮುಖಕ್ಕೆ ಕ್ರೀಮ್ ಮೆತ್ತಿಕೊಂಡು ನಿಂತಿದ್ದಾರೆ. ಯಾರು ಯಾರು ಅಂತ ಗೊತ್ತಾಗುವುದೇ ಕಷ್ಟ. ಆ ಟವೆಲುಗಳನ್ನು ನ್ಯೂಯಾರ್ಕಿನ ಮೇಸೀಸ್ ಅಂಗಡಿಯಿಂದ ತಂದು, ಫೋಟೊ ಆದ ಮೇಲೆ ವಾಪಸ್ ಕೊಟ್ಟು ದುಡ್ಡು ತಗೊಂಡರಂತೆ! ಮೊದಲ ವಿಡಿಯೊವನ್ನೂ ದಿ ಪೊಲೀಸ್ ವಿಡಿಯೊಗೆ ಇಟ್ಟಿದ್ದ ದುಡ್ಡಿನಲ್ಲಿ ಉಳಿದ ಚೂರುಪಾರಿನಲ್ಲೇ ಮುಗಿಸಿದರು. ಕೆಂಪು ಕಾರಿನಲ್ಲಿ ಸುತ್ತಾಡಿ, ಕಾರಂಜಿಗೆ ಇಳಿದು ಕುಣಿದು, ಅಷ್ಟೇ ವಿಡಿಯೊ. ಆ ಹಾಡು 'ಅವರ್ ಲಿಪ್ಸ್ ಆರ್ ಸೀಲ್ಡ್'. ದಿ ಸ್ಪೆಷಲ್ಸ್‌ನ ಟೆರಿ ಹಾಲ್ ಅಂಚೆಯಲ್ಲಿ ಕಳಿಸಿದ ಸಾಲುಗಳನ್ನು ಜೇನ್ ಪೂರ್ತಿ ಮಾಡಿ ಹಾಡಾಗಿಸಿದ್ದು. ನಿರ್ಮಾಪಕ ರಿಚರ್ಡ್ ಗಾಟ್ಟೆರರ್ ಅವರ ಪಂಕ್ ಓಟವನ್ನು ನಿಧಾನ ಮಾಡಿಸಿ, ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡಿದ. ರೆಕಾರ್ಡಿಂಗ್ ಕೇಳಿ ಹುಡುಗಿಯರು ಅತ್ತುಬಿಟ್ಟರಂತೆ, ನಮ್ಮನ್ನು ಪಾಪ್ ಮಾಡಿಬಿಟ್ಟ ಅಂತ. ಅಭಿಮಾನಿಗಳಲ್ಲಿ ಈಗಲೂ ಇದರ ಮೇಲೆ ಜಗಳ ಇದೆ. ನಾನು ಗಾಟ್ಟೆರರ್ ಕಡೆ. ಅವನು ನಿಧಾನ ಮಾಡದಿದ್ದರೆ ನನ್ನಂಥವಳು ಆ ಬಾಸ್ ಹಿಂದೆ ಓಡಲು ಸಾಧ್ಯವೇ ಇರಲಿಲ್ಲ.

ಮುಂದಿನದು ಅಷ್ಟು ಖುಷಿಯ ಕತೆಯಲ್ಲ. ಷಾರ್ಲೆಟ್ ಹೆರಾಯಿನ್ ಚಟಕ್ಕೆ ಬಿದ್ದಿದ್ದಳು, 1985ರಲ್ಲಿ ಬಿಟ್ಟಳು. ಜೀನಾಳಿಗೆ 1984ರಲ್ಲಿ ಹೃದಯದ ಆಪರೇಷನ್ ಆಯಿತು. ಹಾಡು ಬರೆದವರಿಗೆ ಜಾಸ್ತಿ ದುಡ್ಡು, ನುಡಿಸಿದವರಿಗೆ ಕಡಿಮೆ ಅಂತ ಒಳಗೊಳಗೇ ಕುದಿಯಿತು. ಜೇನ್ ಬಿಟ್ಟುಹೋದಳು, 1985ರಲ್ಲಿ ಬ್ಯಾಂಡೇ ಒಡೆಯಿತು. ಆಮೇಲೆ ಸೇರಿದರು, ಮತ್ತೆ ಬಿಟ್ಟರು, ಕೋರ್ಟಿಗೂ ಹೋದರು, ಮತ್ತೆ ಸೇರಿದರು. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದೇನೂ ಹೊಸದಲ್ಲ ಬಿಡಿ. 2021ರ ಅಕ್ಟೋಬರ್ 30ರಂದು ಕ್ಲೀವ್‌ಲ್ಯಾಂಡಿನಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅನ್ನೋ ಸಂಗೀತಗಾರರ ಗೌರವ ಪಟ್ಟಿಗೆ ಅವರನ್ನು ಸೇರಿಸಿಕೊಂಡಾಗ ಐವರೂ ಒಟ್ಟಿಗೆ ನಿಂತಿದ್ದರು. ಇಷ್ಟು ತಡವಾಗಿ ಕರೆದದ್ದಕ್ಕೆ ನನಗಿನ್ನೂ ಸಿಟ್ಟಿದೆ. 2006ರಿಂದಲೇ ಅವರಿಗೆ ಅರ್ಹತೆ ಇತ್ತು.

ಈಗ ನಮ್ಮವರು. ಸೆಕ್ರೆಟರಿ ಸಾಹೇಬರೇ, ರಾಜ್ಯೋತ್ಸವಕ್ಕೆ ಇಂಗ್ಲಿಷ್ ಹಾಡು ಯಾಕೆ ಅಂತ ನೀವು ಕೇಳಿದ್ದು ನ್ಯಾಯವೇ. ಎರಡು ಭಾವಗೀತೆ ಮೊದಲು ನುಡಿಸಿ, ಆಮೇಲೆ ಗೋ-ಗೋಸ್‌ನ ಹಾಡು ಅದೊಂದು ಅಂತ ಒಪ್ಪಿದಿರಲ್ಲ, ನೂರು ನಮಸ್ಕಾರ. ಮೂರನೇ ಮಹಡಿಯ ಅಜ್ಜಿ, ಬೇಸ್‌ಮೆಂಟಿನಲ್ಲಿ ನಾವು ಬಡಿಯುವಾಗ ನಿಮ್ಮ ಮಧ್ಯಾಹ್ನದ ನಿದ್ದೆ ಕೆಟ್ಟಿದ್ದು ಗೊತ್ತು. ಬಯ್ಯಲು ಕೆಳಗೆ ಬಂದವರು ಕುರ್ಚಿ ಹಾಕಿಸಿಕೊಂಡು ಕೂತು, "ಆ ಹುಡುಗಿ ತಾಳ ಬಿಡ್ತಿದ್ದಾಳೆ ನೋಡ್ರೇ" ಅಂತ ನನ್ನ ಕಡೆ ಬೆರಳು ತೋರಿಸಿದಿರಿ. ಬಿಡುತ್ತಿದ್ದದ್ದು ನಿಜ, ತಿದ್ದಿಕೊಂಡೆ. ಹುಡುಗಿ ಅಂದದ್ದಕ್ಕೆ ಇನ್ನೊಂದು ಥ್ಯಾಂಕ್ಸ್. ಹಾಡಿನ ಮಧ್ಯೆ ಕರೆಂಟ್ ಹೋದಾಗ ಓಡಿಹೋಗಿ ಜನರೇಟರ್ ಹಾಕಿದ ಸೆಕ್ಯೂರಿಟಿ ಅಣ್ಣ, ಅಷ್ಟು ಹೊತ್ತೂ ಡ್ರಮ್ಸ್ ನಿಲ್ಲಿಸದ ನಮ್ಮ ಬ್ಯಾಂಕ್ ಮೇಡಂ, ಮುಂದಿನ ಸಾಲಿನಲ್ಲಿ ಚಪ್ಪಾಳೆ ಹಾಕಿ ಲಯ ಹಿಡಿದ ಮಕ್ಕಳು, ನಿಮ್ಮನ್ನೆಲ್ಲ ಮರೆಯುವುದಿಲ್ಲ. ಭಾನುವಾರ ಭಾನುವಾರ ತಾವೇ ಅಡುಗೆ ಮಾಡಿ, ಪಾತ್ರೆ ಮಾತ್ರ ನಮಗೆ ಬಿಟ್ಟ ನಾಲ್ಕೂ ಮನೆಯ ಗಂಡಸರಿಗೆ ಅರ್ಧ ಥ್ಯಾಂಕ್ಸ್.

ಸಂಕ್ರಾಂತಿ ಕಾರ್ಯಕ್ರಮಕ್ಕೆ ಮತ್ತೆ ಕರೆದಿದ್ದಾರೆ. ಕೀಬೋರ್ಡ್ ನುಡಿಸುವವರು ಒಬ್ಬರು ಬೇಕಾಗಿದ್ದಾರೆ. ಹೆಂಗಸರು, ಯಾವ ವಯಸ್ಸಾದರೂ ಸರಿ. ಚೆನ್ನಾಗಿ ಬರಬೇಕು ಅಂತೇನಿಲ್ಲ, ಷಾರ್ಲೆಟ್ ಥರ ಹೂಂ ಅಂದರೆ ಸಾಕು. ಬಿ ಬ್ಲಾಕ್ ಬೇಸ್‌ಮೆಂಟ್, ಭಾನುವಾರ ನಾಲ್ಕು ಗಂಟೆಗೆ, ಅಜ್ಜಿ ಎದ್ದ ಮೇಲೆ.