ತುಕ್ಕಿನ ಮೇಲೆ ಕಪ್ಪು ಬಳಿಯಬೇಡಿ

ಮಾನ್ಯ ಸಂಪಾದಕರೇ,

ವಿಷು ಕಳೆಯಿತು. ಮಳೆಗಾಲದ ಮುಂಚಿನ ಪತ್ತನಾಜೆಗೆ ಇನ್ನು ಜಾಸ್ತಿ ದಿನ ಇಲ್ಲ. ಕಾರಿನ ಅಡಿಭಾಗಕ್ಕೆ ತುಕ್ಕು ಹಿಡಿಯದ ಹಾಗೆ ಕಪ್ಪು ಲೇಪ, ಅಂದರೆ ಅಂಡರ್‌ಕೋಟಿಂಗ್ ಮಾಡಿಸುವವರು, ಡಬ್ಬಿ ತಂದು ಮನೆಯಲ್ಲೇ ಬಳಿಯುವವರು ಹೊರಡುವುದು ಈಗಲೇ. ನಾನು ಕುಂಬಳೆಯಲ್ಲಿ ಟಿಂಕರಿಂಗ್, ಅಂದರೆ ಗಾಡಿಯ ತಗಡು ಸರಿ ಮಾಡುವ ಕೆಲಸದವನು. ಮನೆಯಲ್ಲಿ ಮಾಡಬೇಡಿ ಅನ್ನುವುದಿಲ್ಲ. ಪುರುಸೊತ್ತು ಇದ್ದವರು ನಮಗಿಂತ ಚೆನ್ನಾಗಿಯೇ ಮಾಡಬಹುದು. ತುಕ್ಕಿನ ಮೇಲೆ ಮಾತ್ರ ಬಳಿಯಬೇಡಿ, ಅಷ್ಟೇ ನನ್ನ ವಿನಂತಿ.

ನಮ್ಮಲ್ಲಿಗೆ ಬರುವ ಹಳೆ ಗಾಡಿಗಳಲ್ಲಿ ಇದನ್ನು ಕಂಡು ಕಂಡು ಬೇಜಾರಾಗಿದೆ. ಕೆಳಗಿನಿಂದ ನೋಡಿದರೆ ಕಪ್ಪು ಕೋಟಿಂಗ್ ನೀಟಾಗಿರುತ್ತದೆ. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಒಳಗೆ ಹೋಗುತ್ತದೆ. ಕೋಟಿಂಗ್ ಎಬ್ಬಿಸಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ, ಅದರ ಬೆನ್ನಿಗೆ ತಗಡಿನ ತುಕ್ಕೂ ಪದರ ಪದರವಾಗಿ ಅಂಟಿಕೊಂಡಿರುತ್ತದೆ. ಡಾಂಬರು ಜಾತಿಯ ಕೋಟಿಂಗ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಜಲ್ಲಿ ಬಡಿದು ಒಂದು ಸಣ್ಣ ಬಿರುಕು ಬಿಟ್ಟರೆ ಸಾಕು, ನೀರು ಒಳಗೆ ಸೇರುತ್ತದೆ. ಮತ್ತೆ ಒಣಗುವುದಿಲ್ಲ. ನಮ್ಮದು ಕಡಲ ಬದಿ ಬೇರೆ. ಉಪ್ಪು ಸೇರಿದ ನೀರಿನಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ.

ತೋಟದವರ ಜೀಪಿಗೆ ಇನ್ನೊಂದು ಕಷ್ಟ. ಅಡಿಕೆಗೆ ಮದ್ದು ಬಿಡುವಾಗ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಸರಿಯಾಗಿದೆಯಾ ನೋಡಲು ಕತ್ತಿ ಅದ್ದುತ್ತಾರಲ್ವಾ? ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಲೆಕ್ಕ. ಅದು ಮೈಲುತುತ್ತಿನ ತಾಮ್ರ. ತಾಮ್ರ ಕತ್ತಿಗೆ ಹತ್ತುವಾಗ ಅಷ್ಟು ಕಬ್ಬಿಣ ಕರಗಿ ಹೋಗುತ್ತದೆ. ಮೈಲುತುತ್ತಿನ ಚೀಲ ಒದ್ದೆಯಾಗಿ ಜೀಪಿನ ಹಿಂದೆ ಸೋರಿದರೆ ತಗಡಿಗೂ ಅದೇ ಗತಿ. ಪೊಟ್ಯಾಶ್ ಗೊಬ್ಬರವೂ ಒಂದು ಜಾತಿಯ ಉಪ್ಪೇ. ಇಳಿಸಿದ ದಿನವೇ ನೀರು ಹಾಕಿ ತೊಳೆಯಿರಿ.

ಮಾಡುವವರು ಮೊದಲು ಚಕ್ರದ ಮೇಲಿನ ಮಡಿಕೆಯಲ್ಲಿ ಕೂತ ಕೆಂಪು ಮಣ್ಣನ್ನು ಬೆರಳು ಹಾಕಿ ತೆಗೆಯಿರಿ. ಪ್ರೆಷರ್ ನೀರಿಗೂ ಅದು ಪೂರ್ತಿ ಬರುವುದಿಲ್ಲ. ತೊಳೆದ ಮೇಲೆ ಒಂದೆರಡು ದಿನ ಬಿಸಿಲಿಗೆ ಬಿಡಿ. ಬೆಳಿಗ್ಗೆ ತೊಳೆದು ಸಂಜೆ ಬಳಿಯುವುದು ಸುಮ್ನೆ ದುಡ್ಡು ದಂಡ. ತಗಡು ಒಣಗಿದರೂ ಜಾಯಿಂಟಿನೊಳಗೆ ನೀರು ನಿಂತಿರುತ್ತದೆ. ಸಡಿಲ ತುಕ್ಕನ್ನೆಲ್ಲ ವೈರ್ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ಕೋಟಿಂಗ್. ತೂತು ಬಿದ್ದಿದ್ದರೆ ತಗಡು ಹಾಕಿ ವೆಲ್ಡ್ ಮಾಡಿಸಲೇಬೇಕು. ಹಳೆ ಗಾಡಿಗೆ ಮೇಣದ ಜಾತಿಯದ್ದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದು ಮೆತ್ತಗೆ ಇರುತ್ತದೆ, ಬಿರುಕು ಬಿಡುವುದು ಕಡಿಮೆ. ಪ್ರತಿ ವರ್ಷ ನೋಡಿ, ಹೋದಲ್ಲಿ ಪುನಃ ಹೊಡೆಯಬೇಕು. ಹೊಸ ಕಾರಿಗೆ ಕಂಪೆನಿಯಲ್ಲೇ ಹಾಕಿರುತ್ತಾರೆ. ಕಲ್ಲು ತಾಗಿ ಕಿತ್ತು ಹೋದಲ್ಲಿ ಮಾತ್ರ ಸರಿ ಮಾಡಿದರೆ ಸಾಕು.

ಸೈಲೆನ್ಸರ್, ಬ್ರೇಕ್ ಡಿಸ್ಕ್, ಬ್ರೇಕ್ ಹೋಸ್, ರಬ್ಬರ್ ಬುಷ್ ಇವಕ್ಕೆ ತಾಗಿಸಬೇಡಿ. ಬಾಗಿಲಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಅವು ಮುಚ್ಚಿದರೆ ಮಳೆನೀರು ಬಾಗಿಲೊಳಗೇ ನಿಂತು ಒಳಗಿನಿಂದ ತಿನ್ನುತ್ತದೆ. ಇಂಜಿನ್‌ನಿಂದ ತೆಗೆದ ಸುಟ್ಟ ಆಯಿಲ್ ಬಳಿಯುವ ಅಭ್ಯಾಸವನ್ನೂ ದಯವಿಟ್ಟು ಬಿಡಿ. ರಬ್ಬರ್ ಹಾಳಾಗುವುದು ಒಂದು ಕಡೆ. ಅಂಗಳದಲ್ಲಿ ತೊಟ್ಟಿಕ್ಕಿದ ಆಯಿಲ್ ಮಳೆಗೆ ಎಲ್ಲಿಗೆ ಹೋಗುತ್ತದೆ? ಹತ್ತಿರದಲ್ಲೇ ಬಾವಿ ಇರುತ್ತದೆ.

ಎಲ್ಲಕ್ಕಿಂತ ಮುಖ್ಯ, ಬರೀ ಜಾಕ್ ನಂಬಿ ಗಾಡಿಯ ಅಡಿಗೆ ನುಗ್ಗಬೇಡಿ. ಒಂದು ಮಳೆ ಬಿದ್ದರೆ ಮಣ್ಣಿನ ಅಂಗಳ ಮೆತ್ತಗಾಗಿ ಜಾಕ್ ಹೂತು ಹೋಗುತ್ತದೆ. ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿಯ ಭಾರ ಹೊರುವ ಆಕ್ಸಲ್ ಸ್ಟ್ಯಾಂಡ್ ಇಟ್ಟೇ ಕೆಲಸ ಮಾಡಿ. ಕಣ್ಣಿಗೆ ಕನ್ನಡಕ ಇರಲಿ. ಡಬ್ಬಿಯಿಂದ ಏಳುವ ಆವಿಗೆ ಬೆಂಕಿ ಹತ್ತುತ್ತದೆ. ಮುಚ್ಚಿದ ಶೆಡ್ ಬೇಡ, ಬೀಡಿ ಬೇಡವೇ ಬೇಡ.

ನನ್ನ ಹಾಗೆ ಕೆಲಸ ಮಾಡುವ ಅಣ್ಣತಮ್ಮಂದಿರಲ್ಲೂ ಒಂದು ಮಾತು. ಕಪ್ಪು ಬಳಿಯುವ ಮೊದಲು ಗಾಡಿಯವರನ್ನು ಕರೆದು, ಉಜ್ಜಿದ ತಗಡನ್ನು ತೋರಿಸಿ. ಆಮೇಲೆ ಡಬ್ಬಿ ಬಿಚ್ಚಿ.

– ಓರ್ವ ಟಿಂಕರಿಂಗ್ ಕೆಲಸಗಾರ, ಕುಂಬಳೆ