ಸ್ಯಾಂಡರ್ಸ್‌ಗೆ ಉಳಿದ ನಾಲ್ಕೂ ಪಂದ್ಯ ಪೂರ್ತಿ ಕೊಡಿ

ಸಂಪಾದಕರಿಗೆ ನಮಸ್ಕಾರ,

ಅಮೆರಿಕನ್ ಫುಟ್‌ಬಾಲ್ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಬಗ್ಗೆ ನಿಮ್ಮ ಓದುಗರೊಬ್ಬರು ಬರೆದ ಪತ್ರ ನೋಡಿದೆ. ಕನ್ನಡ ಪತ್ರಿಕೆಯಲ್ಲಿ ಈ ಆಟದ ಮೇಲೆ ಜಗಳ ಆಡುವವರು ಸಿಕ್ಕಿದ್ದೇ ಖುಷಿ. ಆದರೆ ಅವರ ಮಾತು ಒಪ್ಪಲು ಆಗಲಿಲ್ಲ. ತಂಡದ ಹೊಸ ಹುಡುಗ ಶೆಡೂರ್ ಸ್ಯಾಂಡರ್ಸ್ ಅಪ್ಪನ ಹೆಸರಿನ ಮೇಲೆ ಜಾಗ ಗಿಟ್ಟಿಸಿಕೊಂಡಿದ್ದಾನೆ, ಅದೇ ಜಾಗದಲ್ಲಿ ಆಡುತ್ತಿದ್ದ ಡಿಲನ್ ಗೇಬ್ರಿಯಲ್‌ಗೆ ಅನ್ಯಾಯವಾಗಿದೆ, ಗೇಬ್ರಿಯಲ್‌ನನ್ನೇ ಮತ್ತೆ ಆಡಿಸಬೇಕು ಅನ್ನುವುದು ಅವರ ವಾದ. ನಾನು ಇರುವುದು ಕ್ಲೀವ್‌ಲ್ಯಾಂಡ್‌ನಲ್ಲೇ. ಈ ತಂಡದ ಸೋಲನ್ನು ಭಾನುವಾರ ಭಾನುವಾರ ಹಣ ಕೊಟ್ಟು ನೋಡುವವನು. ಹಾಗಾಗಿ ಸ್ವಲ್ಪ ಉದ್ದ ಬರೆದರೆ ಕ್ಷಮಿಸಿ.

ಈ ಆಟ ನೋಡದವರಿಗೆ ಮೊದಲು ಎರಡು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾವ ಪ್ಲೇ, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಯಾವ ನಡೆ, ಆಡಬೇಕು ಅಂತ ಅವನ ಹೆಲ್ಮೆಟ್ ಒಳಗಿನ ಸ್ಪೀಕರ್‌ನಲ್ಲಿ ಕೋಚ್ ಹೇಳುತ್ತಾರೆ, ಪ್ಲೇ ಶುರು ಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ದನಿ ಕಟ್ ಆಗುತ್ತದೆ. ಅಲ್ಲಿಂದ ಮುಂದೆ ಎಲ್ಲ ಅವನ ತಲೆಯ ಮೇಲೆ. ಚೆಂಡು ಕೈಗೆ ಬಂದ ಮೇಲೆ ಎರಡೂವರೆ, ಮೂರು ಸೆಕೆಂಡ್ ಸಿಕ್ಕರೆ ಜಾಸ್ತಿ, ಅಷ್ಟರಲ್ಲಿ ದೈತ್ಯರಂಥ ನಾಲ್ಕು ಜನ ಮೈಮೇಲೆ ನುಗ್ಗಿರುತ್ತಾರೆ, ಆ ನೂಕುನುಗ್ಗಲಿನ ಆಚೆ ಯಾರು ಖಾಲಿ ಇದ್ದಾನೆ ಅಂತ ನೋಡಿ ಎಸೆಯಬೇಕು.

ಈಗ ಬ್ರೌನ್ಸ್ ಈ ವರ್ಷ, 2025ರಲ್ಲಿ, ಮಾಡಿದ್ದು ಕೇಳಿ. ಬೇಸಿಗೆಯಲ್ಲಿ ನಾಲ್ಕು ಜನ ಕ್ವಾರ್ಟರ್‌ಬ್ಯಾಕ್‌ಗಳನ್ನು ಸಾಲಾಗಿ ನಿಲ್ಲಿಸಿ ಪೈಪೋಟಿ ಅಂದರು. 40 ವರ್ಷದ ಜೋ ಫ್ಲ್ಯಾಕೊ, ಕೆನ್ನಿ ಪಿಕೆಟ್, ಹೊಸ ಹುಡುಗರಾದ ಗೇಬ್ರಿಯಲ್ ಮತ್ತು ಸ್ಯಾಂಡರ್ಸ್. ಗಾಯಗೊಂಡು ಕೂತಿದ್ದ ಡೆಶಾನ್ ವಾಟ್ಸನ್ ಐದನೆಯವನು. ಸೀಸನ್ ಶುರುವಾಗುವ ಮೊದಲೇ ಪಿಕೆಟ್‌ನನ್ನು ರೇಡರ್ಸ್ ತಂಡಕ್ಕೆ ಕಳಿಸಿದರು. ಫ್ಲ್ಯಾಕೊ ನಾಲ್ಕು ಪಂದ್ಯ ಆಡಿ ಒಂದು ಗೆದ್ದ. ಅವನನ್ನು ಕೂರಿಸಿ, ಲಂಡನ್‌ನಲ್ಲಿ ವೈಕಿಂಗ್ಸ್ ವಿರುದ್ಧ ನಡೆದ ಪಂದ್ಯಕ್ಕೆ ಗೇಬ್ರಿಯಲ್‌ನನ್ನು ಇಳಿಸಿದರು. ಆ ಪಂದ್ಯ ಮುಗಿದ ಎರಡೇ ದಿನಕ್ಕೆ ಫ್ಲ್ಯಾಕೊನನ್ನು ಸಿನ್ಸಿನಾಟಿ ಬೆಂಗಲ್ಸ್‌ಗೆ ಕೊಟ್ಟುಬಿಟ್ಟರು. ಅದೂ ನಮ್ಮದೇ ಗುಂಪಿನ (ಡಿವಿಷನ್) ಎದುರಾಳಿ ತಂಡ! ಗೇಬ್ರಿಯಲ್ ಆರು ಪಂದ್ಯ ಶುರು ಮಾಡಿದ, ಗೆದ್ದಿದ್ದು ಮಯಾಮಿ ವಿರುದ್ಧ ಒಂದೇ. ನವೆಂಬರ್ 16ರಂದು ರೇವನ್ಸ್ ವಿರುದ್ಧ ಅವನಿಗೆ ತಲೆಗೆ ಪೆಟ್ಟಾಯಿತು, ಅರ್ಧ ಪಂದ್ಯದಲ್ಲಿ ಸ್ಯಾಂಡರ್ಸ್ ಬಂದ. ಈಗ 13 ಪಂದ್ಯ ಮುಗಿದಿವೆ. ಗೆಲುವು ಮೂರು, ಸೋಲು ಹತ್ತು.

ಗೇಬ್ರಿಯಲ್ ಮೇಲೆ ನನಗೆ ಸಿಟ್ಟಿಲ್ಲ. ಹವಾಯಿಯ ಹುಡುಗ, ಎಡಗೈ ಎಸೆತ, ಚೆಂಡನ್ನು ಸುಮ್ನೆ ಕೈಬಿಡುವವನಲ್ಲ. ಜೆಟ್ಸ್ ವಿರುದ್ಧ ಸೋತಿದ್ದಕ್ಕೆ ಅವನನ್ನು ಬೈದವರು ಪಂದ್ಯವನ್ನೇ ನೋಡಿಲ್ಲ. ಅವತ್ತು ನಾವು ಅವರ ಕಡೆಗೆ ಒದ್ದು ಕಳಿಸಿದ ಚೆಂಡು, ಒಂದು ಕಿಕ್‌ಆಫ್, ಒಂದು ಪಂಟ್, ಎರಡನ್ನೂ ಎದುರಾಳಿಗಳು ಹಿಡಿದು ನಮ್ಮ ಕೊನೆಯ ಗೆರೆ ದಾಟುವ ತನಕ ಓಡಿ ಟಚ್‌ಡೌನ್ ಮಾಡಿದರು. ಅದಕ್ಕೆ ಕ್ವಾರ್ಟರ್‌ಬ್ಯಾಕ್ ಏನು ಮಾಡಿಯಾನು? ಆದರೆ ಆರು ಪಂದ್ಯದಲ್ಲಿ ಅವನ ಎಸೆತ ಬಹುಪಾಲು ಹತ್ತು ಗಜದ ಒಳಗೇ ಬಿದ್ದವು. ದೂರಕ್ಕೆ ಎಸೆಯುವುದಿಲ್ಲ ಅಂತ ಗೊತ್ತಾದರೆ ಎದುರಾಳಿ ತಂಡ ಹಿಂದೆ ಕಾಯುವವರನ್ನೂ ಮುಂದಕ್ಕೆ ತಂದು ದಾರಿ ಮುಚ್ಚುತ್ತದೆ. ಆಮೇಲೆ ಓಡುವವನಿಗೂ ಜಾಗ ಇಲ್ಲ, ಹಿಡಿಯುವವನಿಗೂ ಇಲ್ಲ.

ಇನ್ನು ಅಪ್ಪನ ಹೆಸರು. ಅಪ್ಪ ಡಿಯಾನ್ ಸ್ಯಾಂಡರ್ಸ್ ಈ ಆಟದ ಹಾಲ್ ಆಫ್ ಫೇಮ್ ಆಟಗಾರ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಮಗನಿಗೆ ಕೋಚ್ ಕೂಡ. ಮಗನಿಗೆ ಕ್ಯಾಮೆರಾ, ಜಾಹೀರಾತು, ಹೆಸರು ಎಲ್ಲ ಚಿಕ್ಕಂದಿನಿಂದಲೇ ಸಿಕ್ಕಿದ್ದು ನಿಜ. ಅವನ ಜಂಭ ನನಗೂ ಅಷ್ಟಕ್ಕಷ್ಟೇ. ಆದರೆ ಹೆಸರು ಕೆಲಸ ಮಾಡಿದ್ದರೆ ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸುವಾಗ, ಅವನು 144ನೆಯವನಾಗಿ ಹೋಗುತ್ತಿದ್ದನೇ? ಮೊದಲ ಸುತ್ತಿನಲ್ಲೇ ಹೋಗುತ್ತಾನೆ ಅಂತ ಅಂದಾಜು ಮಾಡಿದವರು ಬೇಕಾದಷ್ಟು ಜನ ಇದ್ದರು. ಒಂದೊಂದೇ ತಂಡ ಅವನನ್ನು ದಾಟಿ ಹೋಯಿತು. ಬ್ರೌನ್ಸ್ ಕೂಡ ಮೊದಲು 94ನೇ ಆಯ್ಕೆಯಲ್ಲಿ ಗೇಬ್ರಿಯಲ್‌ನನ್ನು ತೆಗೆದುಕೊಂಡು, ಆಮೇಲೆ ಐದನೇ ಸುತ್ತಿನಲ್ಲಿ ಇವನನ್ನು ಕರೆಯಿತು. ಅಪ್ಪನ ಗಲಾಟೆ ನಮ್ಮ ಮನೆಗೆ ಯಾಕೆ ಅಂತ ತಂಡಗಳು ಹೆದರಿರಬೇಕು ಅಂತಲೇ ನನ್ನ ಅನುಮಾನ. ಹೆಸರಿನಿಂದ ಲಾಭಕ್ಕಿಂತ ನಷ್ಟವೇ ಜಾಸ್ತಿ ಆಯಿತು, ಅಲ್ವಾ?

ನಿಮ್ಮ ಓದುಗರು ಇನ್ನೊಂದು ಅಂಕಿ ಕೊಟ್ಟಿದ್ದರು. ರೇವನ್ಸ್ ವಿರುದ್ಧ ಸ್ಯಾಂಡರ್ಸ್ 16 ಎಸೆತದಲ್ಲಿ ನಾಲ್ಕೇ ಕೈಗೆ ಮುಟ್ಟಿಸಿದ, 47 ಗಜ, ಒಂದು ಇಂಟರ್‌ಸೆಪ್ಷನ್ (ಎದುರಾಳಿ ಕೈಗೆ ಸಿಕ್ಕ ಎಸೆತ). ಸರಿ, ಅಂಕಿ ಸುಳ್ಳಲ್ಲ. ಆದರೆ ಆ ಅಂಕಿಯ ಹಿಂದಿನ ವಾರ ಹೇಗಿತ್ತು ಅಂತ ಅವರು ಬರೆದಿಲ್ಲ. ಈ ಲೀಗ್‌ನಲ್ಲಿ ಪಂದ್ಯದ ವಾರ ಬುಧವಾರದಿಂದ ಶುಕ್ರವಾರದ ತನಕ ಮುಖ್ಯ ಅಭ್ಯಾಸ. ಮೊದಲ ಹನ್ನೊಂದರ ಜೊತೆಗಿನ ಅಭ್ಯಾಸ ಬಹುತೇಕ ಎಲ್ಲವೂ ಆಡಲಿರುವ ಕ್ವಾರ್ಟರ್‌ಬ್ಯಾಕ್‌ಗೇ ಹೋಗುತ್ತದೆ. ಎರಡನೆಯವನು ಏನು ಮಾಡುತ್ತಾನೆ ಗೊತ್ತೇ? ಎದುರಾಳಿ ತಂಡದ ಪ್ಲೇಗಳನ್ನು ಕಾರ್ಡ್ ಮೇಲೆ ಬರೆದು ಹಿಡಿಯುತ್ತಾರೆ, ಅದನ್ನು ನೋಡಿಕೊಂಡು ನಮ್ಮ ಡಿಫೆನ್ಸ್ ವಿರುದ್ಧ ಎಸೆದು ತೋರಿಸುತ್ತಾನೆ. ಅಂದರೆ ವಾರವಿಡೀ ಬೇರೆ ತಂಡದ ಆಟ ಆಡುತ್ತಾನೆ, ತನ್ನ ತಂಡದ್ದಲ್ಲ.

ಇದು ಯಾಕೆ ದೊಡ್ಡ ವಿಷಯ ಅಂದರೆ, ಇಲ್ಲಿ ಒಳ್ಳೆಯ ಎಸೆತ ಹೊರಡುವುದು ಹಿಡಿಯುವವನು ತಿರುಗುವ ಮೊದಲು. ಅವನು ಇಷ್ಟು ಹೆಜ್ಜೆ ಓಡುತ್ತಾನೆ, ಇಲ್ಲಿ ಒಳಕ್ಕೆ ತಿರುಗುತ್ತಾನೆ ಅಂತ ಲೆಕ್ಕ ಹಾಕಿ ಖಾಲಿ ಜಾಗಕ್ಕೆ ಎಸೆಯಬೇಕು. ನಮ್ಮಲ್ಲಿ ಚೆಂಡು ಹಿಡಿಯುವವರನ್ನೇ ನೋಡಿ, ಜೆರ್ರಿ ಜೂಡಿ ತಿರುಗುವ ವೇಗ ಬೇರೆ, ಹೆರಾಲ್ಡ್ ಫ್ಯಾನಿನ್ ತಿರುಗುವ ವೇಗ ಬೇರೆ. ನೂರಾರು ಸಲ ಎಸೆದೇ ಅದು ಕೈಗೆ ಹತ್ತಬೇಕು. ಸೀಸನ್ ಶುರುವಾದ ಮೇಲೆ ಆ ದಿನದ ತನಕ ಸ್ಯಾಂಡರ್ಸ್‌ಗೆ ಮೊದಲ ತಂಡದ ಜೊತೆ ಅಭ್ಯಾಸವೇ ಸಿಕ್ಕಿರಲಿಲ್ಲ. ಹಾಗೆ ಬಂದವನು ತಡವರಿಸದೆ ಇನ್ನೇನು ಮಾಡುತ್ತಾನೆ?

ಮುಂದಿನ ವಾರ ಅಭ್ಯಾಸ ಪೂರ್ತಿ ಅವನಿಗೇ ಸಿಕ್ಕಿತು. ಲಾಸ್ ವೇಗಸ್‌ನಲ್ಲಿ ರೇಡರ್ಸ್ ವಿರುದ್ಧ 24–10 ಗೆಲುವು, 209 ಗಜ. ಶುರುವಿನಲ್ಲೇ ಐಸಾಯ ಬಾಂಡ್‌ಗೆ 52 ಗಜದ ಎಸೆತ. ಇಡೀ ವರ್ಷ ನಾವು ಅಂಥದ್ದನ್ನು ಕಂಡಿದ್ದೇ ಅಪರೂಪ. ರೇಡರ್ಸ್ ದುರ್ಬಲ ತಂಡ, ನಮ್ಮ ಡಿಫೆನ್ಸ್ ಅವತ್ತು ಅವರ ಕ್ವಾರ್ಟರ್‌ಬ್ಯಾಕ್‌ನನ್ನು ಹತ್ತು ಸಲ ಕೆಡವಿತು ಅಂತ ಯಾರಾದರೂ ಅಂದರೆ ಒಪ್ಪುತ್ತೇನೆ. ಆಮೇಲಿನ ವಾರ ಫಾರ್ಟಿನೈನರ್ಸ್ ಬಂದು 26–8ರಲ್ಲಿ ಬಡಿದು ಹೋದರು, ಅದೂ ನಿಜ.

ಆದರೆ ಡಿಸೆಂಬರ್ 7ರ ಪಂದ್ಯ? ಟೈಟನ್ಸ್ ಬಂದಿದ್ದರು, ಅಷ್ಟರ ತನಕ ಒಂದೇ ಗೆದ್ದಿದ್ದ ತಂಡ. ಅವರ ಕಡೆ ಕ್ಯಾಮ್ ವಾರ್ಡ್, ಈ ವರ್ಷದ ಡ್ರಾಫ್ಟ್‌ನ ಮೊದಲ ಆಯ್ಕೆ. ನಮ್ಮ ಕಡೆ 144ನೆಯವನು. ನಾನು ಸ್ಟೇಡಿಯಂನಲ್ಲೇ ಇದ್ದೆ. ಈರಿ ಸರೋವರದ ಗಾಳಿ ಹೊಡೆದರೆ ಎರಡು ಜೊತೆ ಕೈಗವಸು ಹಾಕಿದರೂ ಬೆರಳು ಸೆಟೆಯುತ್ತವೆ. ಆ ಚಳಿಯಲ್ಲಿ ಅವನು 364 ಗಜ ಎಸೆದ, ಮೂರು ಟಚ್‌ಡೌನ್ ಎಸೆತ, ಒಂದು ತಾನೇ ಓಡಿ. ಕೊನೆಯ ಕ್ವಾರ್ಟರ್‌ನಲ್ಲಿ 31–17 ಹಿಂದೆ ಇದ್ದವರು ಎರಡು ಟಚ್‌ಡೌನ್ ಮಾಡಿ, ಎರಡನೆಯದು ಫ್ಯಾನಿನ್ ಹಿಡಿದದ್ದು, 31–29ಕ್ಕೆ ಬಂದೆವು, ಉಳಿದಿದ್ದು ಒಂದು ನಿಮಿಷದ ಮಾತು. ಎರಡು ಪಾಯಿಂಟ್ ಬೇಕು. ಟಚ್‌ಡೌನ್ ಆದ ಮೇಲೆ ಅದಕ್ಕೊಂದು ಅವಕಾಶ ಇರುತ್ತದೆ, ಗೋಲ್ ಗೆರೆಯಿಂದ ಎರಡು ಗಜ ದೂರದಲ್ಲಿ ಚೆಂಡು ಇಟ್ಟು ಒಂದೇ ಒಂದು ಪ್ಲೇ, ಒಳಗೆ ಹೋದರೆ ಸಮ.

ಕೋಚ್ ಕೆವಿನ್ ಸ್ಟೆಫಾನ್ಸ್ಕಿ ಏನು ಮಾಡಿದರು? ಅಷ್ಟು ಹೊತ್ತು ಎಸೆದು ತಂಡವನ್ನು ಅಲ್ಲಿಗೆ ತಂದವನನ್ನೇ ಮೈದಾನದಿಂದ ಹೊರಗೆ ಕರೆದರು. ಚೆಂಡು ನೇರ ರನ್ನಿಂಗ್ ಬ್ಯಾಕ್ (ಹಿಡಿದು ಓಡುವವನು) ಕ್ವಿನ್‌ಶಾನ್ ಜಡ್ಕಿನ್ಸ್ ಕೈಗೆ. ಗೆರೆಯ ಹಿಂದೆಯೇ ಏನೋ ಎಡವಟ್ಟಾಯಿತು, ಪ್ಲೇ ಹಾಳು, ಪಂದ್ಯ ಹೋಯಿತು. ನನ್ನ ಪಕ್ಕದಲ್ಲಿದ್ದ ಅಜ್ಜ ಟೋಪಿ ತೆಗೆದು ತೊಡೆಯ ಮೇಲೆ ಬಡಿದುಕೊಂಡು ಬೈದಿದ್ದನ್ನು ಇಲ್ಲಿ ಬರೆದರೆ ನೀವು ಅಚ್ಚು ಹಾಕುವುದಿಲ್ಲ. ಆ ಪ್ಲೇಯನ್ನು ವಾರದಲ್ಲಿ ಅಭ್ಯಾಸ ಮಾಡಿದ್ದಿರಬಹುದು, ಕಾಗದದ ಮೇಲೆ ಚಂದ ಕಂಡಿರಬಹುದು. ಆದರೆ ಗೆದ್ದರೂ ಸೋತರೂ ಆ ಎರಡು ಗಜದಲ್ಲಿ ಈ ಹುಡುಗ ಏನು ಮಾಡುತ್ತಾನೆ ಅಂತ ನೋಡುವ ಅವಕಾಶ ಕೈಯಾರೆ ಬಿಟ್ಟರು. ಮೂರು ಗೆದ್ದು ಹತ್ತು ಸೋಲುವ ತಂಡಕ್ಕೆ ಆ ಒಂದು ಗೆಲುವಿಗಿಂತ ಅದನ್ನು ತಿಳಿದುಕೊಳ್ಳುವುದೇ ಹೆಚ್ಚು ಬೇಕಿತ್ತು.

ನನ್ನ ವಾದ ಇಷ್ಟೇ. ಸ್ಯಾಂಡರ್ಸ್ ದೊಡ್ಡ ಆಟಗಾರ ಆಗಿಯೇ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಆಗುತ್ತಾನೋ ಇಲ್ಲವೋ ಅನ್ನುವುದು ಈ ಡಿಸೆಂಬರ್‌ನಲ್ಲೇ ಗೊತ್ತಾಗಬೇಕು. ಯಾಕೆಂದರೆ ಮುಂದಿನ ಏಪ್ರಿಲ್‌ನಲ್ಲಿ ಬ್ರೌನ್ಸ್ ಬಳಿ ಮೊದಲ ಸುತ್ತಿನ ಎರಡು ಆಯ್ಕೆಗಳಿವೆ. ಒಂದು ತಮ್ಮದೇ, ಇನ್ನೊಂದು ಜಾಗ್ವಾರ್ಸ್ ತಂಡದ್ದು. ಈ ವರ್ಷ ಎರಡನೇ ಆಯ್ಕೆಯನ್ನು ಬಿಟ್ಟುಕೊಟ್ಟಾಗ ಬದಲಿಗೆ ಸಿಕ್ಕಿದ್ದು ಅದು. (ಆ ಎರಡನೇ ಆಯ್ಕೆಯಲ್ಲಿ ಜಾಗ್ವಾರ್ಸ್ ತೆಗೆದುಕೊಂಡಿದ್ದು ಟ್ರ್ಯಾವಿಸ್ ಹಂಟರ್‌ನನ್ನು. ಕೊಲರಾಡೊದಲ್ಲಿ ಇದೇ ಸ್ಯಾಂಡರ್ಸ್ ಎಸೆದ ಚೆಂಡು ಹಿಡಿಯುತ್ತಿದ್ದವನು!) ಆ ಆಯ್ಕೆಗಳಲ್ಲಿ ಒಂದನ್ನು ಮತ್ತೆ ಹೊಸ ಕ್ವಾರ್ಟರ್‌ಬ್ಯಾಕ್ ಮೇಲೆ ಸುರಿಯಬೇಕೋ, ಇಲ್ಲಾ ಸ್ಯಾಂಡರ್ಸ್‌ನನ್ನು ಕಾಯುವ ಮುಂಚೂಣಿ ಸಾಲನ್ನು ಗಟ್ಟಿ ಮಾಡಬೇಕೋ? ನಾಲ್ಕು ಪಂದ್ಯ ಪೂರ್ತಿ ಆಡಿಸಿದರೆ ಉತ್ತರ ಹತ್ತಿರ ಬರುತ್ತದೆ. ಒಂದು ವಾರ ಇವನು, ಒಂದು ವಾರ ಅವನು ಅಂದರೆ ಏಪ್ರಿಲ್‌ನಲ್ಲೂ ಕಣ್ಣು ಮುಚ್ಚಿಯೇ ಆರಿಸಬೇಕು. ನಮ್ಮ ಕೆ.ಎಲ್. ರಾಹುಲ್‌ನನ್ನು ಒಮ್ಮೆ ಓಪನರ್, ಒಮ್ಮೆ ಐದನೇ ನಂಬರ್, ಒಮ್ಮೆ ಕೀಪರ್ ಅಂತ ವರ್ಷಗಟ್ಟಲೆ ತಿರುಗಿಸಿದ್ದು ನೋಡಿದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಈ ಊರಿಗೆ ಈ ಕಾಯಿಲೆ ಹಳೆಯದು. 1964ರ ನಂತರ ಒಂದು ಚಾಂಪಿಯನ್‌ಶಿಪ್ ಇಲ್ಲ. 1995ರ ಸೀಸನ್ ಮುಗಿದ ಮೇಲೆ ಮಾಲೀಕರು ತಂಡವನ್ನೇ ಬಾಲ್ಟಿಮೋರ್‌ಗೆ ಹೊತ್ತುಕೊಂಡು ಹೋದರು. 1999ರಲ್ಲಿ ಬ್ರೌನ್ಸ್ ಮತ್ತೆ ಶುರುವಾಯಿತು, ಅಲ್ಲಿಂದ ಇಲ್ಲಿಯ ತನಕ 40ಕ್ಕೂ ಹೆಚ್ಚು ಜನ ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಪಂದ್ಯ ಶುರು ಮಾಡಿದ್ದಾರೆ. ಆ ವರ್ಷದ ಹೊಸ ಕ್ವಾರ್ಟರ್‌ಬ್ಯಾಕ್ ಟಿಮ್ ಕೌಚ್ ಹೆಸರಿನ ಜೆರ್ಸಿಯ ಮೇಲೆ ಆಮೇಲೆ ಬಂದವರ ಹೆಸರನ್ನೆಲ್ಲ ಒಂದರ ಕೆಳಗೊಂದು ಬರೆಯುತ್ತಾ ಹೋಗಿದ್ದು ಇಲ್ಲಿ ದೊಡ್ಡ ತಮಾಷೆ.

ಇನ್ನು ಕೆಲವು ಗೆಳೆಯರು ಹೇಳುತ್ತಾರೆ, ಯಾರು ಆಡಿದರೇನು, ಸೋತರೆ ಒಳ್ಳೆಯದೇ, ಡ್ರಾಫ್ಟ್‌ನಲ್ಲಿ ಮೇಲಿನ ಜಾಗ ಸಿಗುತ್ತದೆ ಅಂತ. ಸ್ವಾಮಿ, ಅದನ್ನೂ ಮಾಡಿ ಆಗಿದೆ. 2016ರಲ್ಲಿ ಒಂದೇ ಗೆಲುವು, 2017ರಲ್ಲಿ ಹದಿನಾರಕ್ಕೆ ಹದಿನಾರೂ ಸೋಲು. ಆ ಕೊರೆಯುವ ಚಳಿಯಲ್ಲಿ ಜನ ಸ್ಟೇಡಿಯಂ ಸುತ್ತ ಸೊನ್ನೆಯ ಹಾಗೆ ಮೆರವಣಿಗೆ ಹೊರಟರು. ಅದರ ಫಲವಾಗಿ 2018ರಲ್ಲಿ ಮೊದಲ ಆಯ್ಕೆ, ಬೇಕರ್ ಮೇಫೀಲ್ಡ್. ಸೆಪ್ಟೆಂಬರ್ 20ರ ಗುರುವಾರ ರಾತ್ರಿ ಗಾಯಗೊಂಡವನ ಬದಲು ಬಂದು ಜೆಟ್ಸ್ ವಿರುದ್ಧ ಗೆಲ್ಲಿಸಿದ. 635 ದಿನದ ನಂತರದ ಗೆಲುವು. ಗೆದ್ದ ದಿನ ತೆರೆದುಕೊಳ್ಳಲಿ ಅಂತ ಊರಿನ ಬಾರ್‌ಗಳಲ್ಲಿ ಬೀಗ ಹಾಕಿ ಇಟ್ಟಿದ್ದ ಬೀರ್ ಫ್ರಿಜ್‌ಗಳು ಅವತ್ತು ತಾವಾಗಿಯೇ ತೆರೆದುಕೊಂಡವು. ಅವನೇ 2020ರ ಸೀಸನ್‌ನಲ್ಲಿ ಪ್ಲೇಆಫ್‌ಗೆ ಒಯ್ದು ಸ್ಟೀಲರ್ಸ್‌ಗೆ 48 ಪಾಯಿಂಟ್ ಬಾರಿಸಿದ. ಮರುವರ್ಷ ಭುಜದ ನೋವಲ್ಲೇ ಆಡಿ ಆಟ ಕೆಟ್ಟಿತು. ಅಷ್ಟಕ್ಕೇ 2022ರಲ್ಲಿ ಅವನನ್ನು ಬೇಡವೆಂದು, ಮೊದಲ ಸುತ್ತಿನ ಮೂರು ಆಯ್ಕೆ ತೆತ್ತು, ಐದು ವರ್ಷಕ್ಕೆ 23 ಕೋಟಿ ಡಾಲರ್ ಪೂರ್ತಿ ಗ್ಯಾರಂಟಿ ಕೊಟ್ಟು ವಾಟ್ಸನ್‌ನನ್ನು ತಂದರು. ಆ ವ್ಯವಹಾರ ಕೈಕೊಟ್ಟಿತು ಅಂತ ಈಗ ಮಾಲೀಕರೇ ಒಪ್ಪಿದ್ದಾರೆ. ಮೇಫೀಲ್ಡ್ ಟ್ಯಾಂಪಾ ಬೇಯಲ್ಲಿ ಹಾಯಾಗಿ ಆಡುತ್ತಿದ್ದಾನೆ. ಮೇಲಿನ ಆಯ್ಕೆ ಸಿಕ್ಕರೂ ಕೈಯಲ್ಲಿರುವವನನ್ನು ಅಳೆಯಲು ಬಾರದಿದ್ದರೆ ಏನು ಬಂತು?

ವಾಟ್ಸನ್ ಮತ್ತೆ ಅಭ್ಯಾಸಕ್ಕೆ ಇಳಿದಿದ್ದಾನೆ, ಕೊನೆಯ ಒಂದೆರಡು ಪಂದ್ಯ ಅವನಿಗೆ ಕೊಡಿ ಅನ್ನುವವರೂ ಇದ್ದಾರೆ. ಬೇಡ. ಅವನು ಏನು ಅಂತ ನಮಗೆ ಗೊತ್ತಿದೆ.

ಸ್ಯಾಂಡರ್ಸ್ ತಪ್ಪುಗಳೂ ಗೊತ್ತಿವೆ. ಚೆಂಡನ್ನು ಜಾಸ್ತಿ ಹೊತ್ತು ಹಿಡಿದಿರುತ್ತಾನೆ. ಮುನ್ನುಗ್ಗುವವರು ಹತ್ತಿರ ಬಂದರೆ ಮುಂದಕ್ಕೆ ಹೆಜ್ಜೆ ಇಡುವ ಬದಲು ಹಿಂದೆ ಹಿಂದೆ ಓಡುತ್ತಾನೆ, ಐದು ಗಜ ಕಳೆದುಕೊಳ್ಳುವ ಕಡೆ ಹದಿನೈದು ಕಳೆಯುತ್ತಾನೆ. ಕಾಲೇಜಿನಲ್ಲೂ ಇದೇ ಚಾಳಿ ಇತ್ತು. ಇದು ತಿದ್ದಿಕೊಳ್ಳುವ ತಪ್ಪೋ, ಸ್ವಭಾವವೋ ಅನ್ನುವುದು ಬೆಂಚಿನ ಮೇಲೆ ಕೂರಿಸಿದರೆ ತಿಳಿಯುವುದಿಲ್ಲ.

ಉಳಿದ ಪಂದ್ಯಗಳಿಗೆ ಸ್ಯಾಂಡರ್ಸ್‌ನೇ ಅಂತ ಸ್ಟೆಫಾನ್ಸ್ಕಿ ಈ ವಾರ ಹೇಳಿದ್ದಾರೆ. ಒಳ್ಳೆಯದು. ಈ ಭಾನುವಾರ ಚಿಕಾಗೊ, ಆಮೇಲೆ ಬಫಲೊ, ಪಿಟ್ಸ್‌ಬರ್ಗ್, ಸಿನ್ಸಿನಾಟಿ. ಸುಲಭದ ಪಂದ್ಯ ಒಂದೂ ಇಲ್ಲ. ಚಿಕಾಗೊದಲ್ಲಿ ಅರ್ಧ ಪಂದ್ಯಕ್ಕೆ ಎರಡು ಇಂಟರ್‌ಸೆಪ್ಷನ್ ಆದರೂ ಗೇಬ್ರಿಯಲ್‌ಗೆ ಹೆಲ್ಮೆಟ್ ಹಾಕಿಸಬೇಡಿ. ಎರಡು ಗಜದ ಪ್ಲೇ ಮತ್ತೆ ಬಂದರೆ ಚೆಂಡು ಸ್ಯಾಂಡರ್ಸ್ ಕೈಗೇ ಕೊಡಿ. ಅಷ್ಟು ಮಾಡಿದ ಮೇಲೂ ಜನವರಿಯಲ್ಲಿ ಇವನಿಂದ ಆಗುವುದಿಲ್ಲ ಅಂತ ಕಂಡರೆ, ಗೇಬ್ರಿಯಲ್ ಪರ ಬರೆದ ನಿಮ್ಮ ಓದುಗರ ಜೊತೆ ಸೇರಿ ನಾನೂ ಹೊಸಬನನ್ನು ತನ್ನಿ ಅಂತ ಬರೆಯುತ್ತೇನೆ.

ಇಂತಿ,
ಒಬ್ಬ ಓದುಗ
ಕ್ಲೀವ್‌ಲ್ಯಾಂಡ್, ಒಹಾಯೊ, ಡಿಸೆಂಬರ್ 2025