ಅಡಿಕೆ ಧಾರಣೆ: ಅನುಮಾನ ಬಂದರೆ ಅಂಕಣ ಖಾಲಿ ಇರಲಿ

ಮಾನ್ಯ ಸಂಪಾದಕರೇ,

ಮಾರುಕಟ್ಟೆಯ ವೆಬ್ ಪುಟದಿಂದ ಅಡಿಕೆ ಧಾರಣೆಯನ್ನು ತಾನಾಗಿ ಎತ್ತಿ ತೋರಿಸುವ ಜಾಲತಾಣಗಳನ್ನು ನಂಬಿ ನಮ್ಮ ಜಿಲ್ಲೆಯ ಕೃಷಿಕರು ಮಾರಾಟ ನಿರ್ಧರಿಸುತ್ತಾರೆ. ಹೊಸತು, ಹಳತು, ಡಬ್ಬಲ್ ಚೋಲ್ ಎಂಬ ಅಡಿಕೆ ಬಗೆಗಳ ದರ ಬೇರೆಬೇರೆ. ಕೋಡ್ ಒಂದು ಸಾಲು ತಪ್ಪಿ ಓದಿದರೂ ಪೆಟ್ಟು ಬೀಳುವುದು ಬೆಳೆಗಾರನಿಗೆ. ಅಂಥ ಕೋಡ್ ಬರೆಯುವವರು ಗಮನಿಸಬೇಕು.

ಪುಟದ ಪಠ್ಯವನ್ನು ಅಕ್ಷರ ಎಣಿಸಿ ಕತ್ತರಿಸಬೇಡಿ. ನಡುವೆ ಒಂದು ಜಾಹೀರಾತು ಬಂದರೆ ಲೆಕ್ಕವೆಲ್ಲ ತಪ್ಪುತ್ತದೆ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಟದ ರಚನೆ ಓದುವ ಡಾಮ್‌ಡಾಕ್ಯುಮೆಂಟ್, ಅದರಲ್ಲಿ ಬೇಕಾದ ಭಾಗ ಹುಡುಕುವ ಎಕ್ಸ್‌ಪಾತ್ ಸಾಕು. ಅಲ್ಲೂ ಕೋಷ್ಟಕದ ಮೂರನೇ ಸಾಲು, ಎರಡನೇ ಸೆಲ್ (ಚೌಕ) ಎಂದು ಬರೆಯದೆ, ‘ಹೊಸ ಅಡಿಕೆ’ ಎಂದಿರುವ ಸೆಲ್ ಹುಡುಕಿ ಅದರ ಪಕ್ಕದ್ದನ್ನು ತೆಗೆಯಿರಿ. ಬ್ರೌಸರ್‌ನಿಂದ ನಕಲು ಮಾಡಿದ ಎಕ್ಸ್‌ಪಾತ್ ಸರ್ವರ್‌ನಲ್ಲಿ ಏನೂ ಕೊಡದಿದ್ದರೆ ಅದರಲ್ಲಿ ಕೋಷ್ಟಕದ ಒಡಲನ್ನು ಸೂಚಿಸುವ ‘ಟಿಬಾಡಿ’ ಟ್ಯಾಗ್ ಇದೆಯೇ ನೋಡಿ. ಮೂಲದಲ್ಲಿಲ್ಲದ ಆ ಟ್ಯಾಗನ್ನು ಬ್ರೌಸರ್ ತಾನೇ ಸೇರಿಸಿಕೊಳ್ಳುತ್ತದೆ.

ಕನ್ನಡ ಪುಟಗಳಿಗೆ ಇನ್ನೊಂದು ತೊಡಕಿದೆ. ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ನಮೂದಾಗಿರದಿದ್ದರೆ ಡಾಮ್‌ಡಾಕ್ಯುಮೆಂಟ್ ಪಠ್ಯವನ್ನು ಪಶ್ಚಿಮ ಯುರೋಪಿನ ಭಾಷೆಗಳ ಐಎಸ್‌ಒ-8859-1 ಎಂದೇ ಓದುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಆ ಮೂರೂ ಬಿಡಿ ಅಕ್ಷರಗಳಾಗಿ ಒಡೆದು ‘ಹೊಸ ಅಡಿಕೆ’ ಸಿಗುವುದೇ ಇಲ್ಲ. ಪುಟ ಯುಟಿಎಫ್-8 ಎಂದು ಖಚಿತಪಡಿಸಿಕೊಂಡು, ಓದಿಸುವ ಮೊದಲು ಪಠ್ಯದ ಆರಂಭಕ್ಕೆ ಎನ್‌ಕೋಡಿಂಗ್ ಘೋಷಣೆ ಸೇರಿಸಿ. ಆಗಲೂ ಸಿಗದಿದ್ದರೆ ಪುಟವನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ಎಂಬ ಏಕರೂಪದ ಯುನಿಕೋಡ್ ಬರಹಕ್ಕೆ ತನ್ನಿ. ‘ಹೊ’ದಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡಾಗಿಯೂ ಬರೆಯಬಹುದು, ಕಣ್ಣಿಗೆ ಒಂದೇ, ಕೋಡ್‌ಗೆ ಬೇರೆ.

ಎಲ್ಲಕ್ಕಿಂತ ಅಪಾಯ ಇರುವುದು ಅಂಕಿಯಲ್ಲಿ. ಕ್ವಿಂಟಲ್ ದರ ‘48,500’ ಎಂದಿರುವುದನ್ನು ಅಲ್ಪವಿರಾಮ ತೆಗೆಯದೆ ಸಂಖ್ಯೆಯಾಗಿ ಪರಿವರ್ತಿಸಿದರೆ ಪಿಎಚ್‌ಪಿ ಕೊಡುವುದು 48. ‘೪೮,೫೦೦’ ಎಂದಿದ್ದರೆ ಸೊನ್ನೆ. ಎರಡರಲ್ಲೂ ದೋಷ ಸಂದೇಶ ಬರುವುದಿಲ್ಲ. ಹಾಗಾಗಿ ಸಾಲು ಸಿಗದಿದ್ದಾಗ, ದರ ನಿನ್ನೆಯದಕ್ಕಿಂತ ಅರ್ಧಕ್ಕಿಳಿದಾಗ ಅಥವಾ ದುಪ್ಪಟ್ಟಾದಾಗ ಕೋಡ್ ಪ್ರಕಟಣೆ ನಿಲ್ಲಿಸಿ ನಿರ್ವಾಹಕರಿಗೆ ಇಮೇಲ್ ಕಳುಹಿಸಬೇಕು. ಹಳೆಯ ದರ ತೋರಿಸುವುದಾದರೆ ಪಕ್ಕದಲ್ಲಿ ಮೂಲ ಪುಟದ ದಿನಾಂಕವಿರಲಿ. ಸರ್ವರ್‌ನ ಇಂದಿನ ದಿನಾಂಕ ಹಾಕಿದರೆ ಅದು ಕೃಷಿಕನಿಗೆ ಮಾಡುವ ಮೋಸ.

ಓದುಗರು ಪುಟ ತೆರೆದಾಗಲೆಲ್ಲ ಮೂಲ ತಾಣಕ್ಕೆ ಹೊರೆಯಾಗುವುದೂ ಸಲ್ಲದು. ನಿಗದಿತ ಸಮಯಕ್ಕೆ ಕೋಡ್ ಓಡಿಸುವ ಕ್ರಾನ್ ಇಟ್ಟು ದಿನಕ್ಕೆರಡು ಸಲ ತಂದಿಟ್ಟುಕೊಂಡರೆ ಸಾಕು. ಯಂತ್ರಗಳು ಪುಟ ಓದಬಹುದೇ ಎಂದು ತಿಳಿಸುವ, ಮೂಲ ತಾಣದ ರೋಬೋಟ್ಸ್ ಕಡತ ಬೇಡವೆಂದರೆ ಬಿಟ್ಟುಬಿಡಿ.

ಧಾರಣೆ ಪ್ರಕಟಿಸುವ ಸಂಸ್ಥೆಗಳು ಫೋಟೊ ಹಾಕುವ ಬದಲು ಯುನಿಕೋಡ್ ಕೋಷ್ಟಕವನ್ನೂ ಜತೆಗೊಂದು ಸಿಎಸ್‌ವಿ (ಕೋಡ್ ಸುಲಭವಾಗಿ ಓದಬಲ್ಲ ಸರಳ ಪಠ್ಯದ ಕೋಷ್ಟಕ) ಕಡತವನ್ನೂ ಕೊಟ್ಟರೆ ಇಷ್ಟು ಕಸರತ್ತು ಬೇಕಾಗದು. ದಯವಿಟ್ಟು ಕೊಡಿ.

– ವೆಬ್ ಡೆವಲಪರ್, ಕೊಡಿಯಾಲ್‌ಬೈಲ್, ಮಂಗಳೂರು